ಕಪ್ಪುಕುಳಿಯಿಂದ ಆಗುಂಬೆಗೆ ಒಂದೇ ಹೆಜ್ಜೆ

ಕಪ್ಪುಕುಳಿಯನ್ನು ತಟ್ಟಿದರೆ ಅದು ಮಿಡಿಯುತ್ತದೆಯೇ?

ಹೀಗೊಂದು ಪ್ರಶ್ನೆ ಎತ್ತಿ, ಉತ್ತರವನ್ನೂ ಕಂಡುಕೊಂಡವರು ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರು. ಅವರು ಸಂಶೋಧನೆಗೆ ಇಳಿದಾಗ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಎಂಬ ಹೆಸರೇ ಇನ್ನೂ ಬಳಕೆಗೆ ಬಂದಿರಲಿಲ್ಲ. ಅಂಥದ್ದೊಂದು ವಸ್ತು ಇದೆಯೋ ಇಲ್ಲವೋ ಎಂದೇ ವಾದ ನಡೆಯುತ್ತಿದ್ದ ಕಾಲ. ಯಾವ ದೂರದರ್ಶಕಕ್ಕೂ ಎಟುಕದ ಆ ವಸ್ತುವಿನ ಮೇಲೆ ಅವರು ಕಂಪ್ಯೂಟರಿನೊಳಗೆ ಅಲೆಗಳನ್ನು ಎಸೆದು ನೋಡಿದರು. ಅಗಲವಾದ ಅಲೆ ಎಸೆದಾಗ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಕಿರಿದು ಮಾಡುತ್ತ ಹೋದಾಗ ಉತ್ತರ ಬಂತು! ದೇವಸ್ಥಾನದ ಗಂಟೆ ಬಾರಿಸಿ ಬಿಟ್ಟಮೇಲೆ ನಾದ ಒಂದೇ ಸ್ಥಾಯಿಯಲ್ಲಿ ನಿಂತು ಸಣ್ಣಗಾಗುತ್ತ ಹೋಗುತ್ತದಲ್ಲ, ಹಾಗೆ ಕಪ್ಪುಕುಳಿ ಮಿಡಿದು, ಮಿಡಿದು, ಅಡಗಿತು. ಏನು ಬಡಿಯಿತು ಎಂಬುದು ಮುಖ್ಯವಲ್ಲ. ಆ ಸ್ಥಾಯಿ ಹೇಳುವುದು ಕಪ್ಪುಕುಳಿಯ ತೂಕವನ್ನು. 1970ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು.

ನಲವತ್ತೈದು ವರ್ಷ ಕಳೆಯಿತು. 2015ರ ಸೆಪ್ಟೆಂಬರ್ 14ರಂದು, ಸುಮಾರು 130 ಕೋಟಿ ಬೆಳಕಿನ ವರ್ಷಗಳಾಚೆ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾದ ಕಂಪನ ಗುರುತ್ವದ ಅಲೆಯಾಗಿ ಬಂದು ಅಮೆರಿಕದ ಲೈಗೋ ಉಪಕರಣಗಳನ್ನು ಮುಟ್ಟಿತು. ಆ ಸಂಕೇತದ ಬಾಲದಲ್ಲಿ ವಿಶ್ವೇಶ್ವರ ಹೇಳಿದ್ದ ಮಿಡಿತವಿತ್ತು. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ಅವರಿನ್ನೂ ನಮ್ಮ ನಡುವೆ ಇದ್ದರು. ಬೆಂಗಳೂರಿನ ಮಕ್ಕಳು ಶಾಲೆಯಿಂದ ಸಾಲುಗಟ್ಟಿ ಹೋಗಿ ನಕ್ಷತ್ರ ನೋಡುವ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಇವರೇ.

ವಿಶ್ವೇಶ್ವರ ಮಾಡಿದಂಥ ಕೆಲಸಕ್ಕೆ ಇಂದಿನ ಜಾಹೀರಾತುಗಳು ಇಟ್ಟಿರುವ ಹೆಸರು ಕಂಪ್ಯೂಟೇಷನಲ್ ಮಾಡೆಲಿಂಗ್. ಕನ್ನಡದಲ್ಲಿ ಗಣಕ ಮಾದರಿ ಎನ್ನೋಣ. 'ಪಿಎಚ್‌ಡಿ ಪ್ರವೇಶ, ಫೆಲೋಶಿಪ್ ಉಂಟು' ಎಂಬ ಒಣ ಒಕ್ಕಣೆಯಲ್ಲಿ ಅದು ಪ್ರಕಟವಾಗುತ್ತದೆ. ಓದಿದವರು ಇದು ಕಂಪ್ಯೂಟರ್ ಸೈನ್ಸ್‌ನವರಿಗೆ ಇರಬೇಕು ಎಂದುಕೊಂಡು ಪುಟ ತಿರುಗಿಸುತ್ತಾರೆ. ದಯವಿಟ್ಟು ತಿರುಗಿಸಬೇಡಿ! ಆ ಒಂದು ಸಾಲಿನ ಹಿಂದೆ ಏನೇನಿದೆ ಎಂದು ತಿಳಿದಷ್ಟೂ ನನಗೆ ಸೋಜಿಗ ಹೆಚ್ಚುತ್ತಲೇ ಹೋಗಿದೆ.

ವಿಶ್ವೇಶ್ವರರ ಪ್ರಯೋಗವನ್ನು ಇವತ್ತು ಎಂಎಸ್ಸಿ ಓದುವ ಹುಡುಗಿ ತನ್ನ ಲ್ಯಾಪ್‌ಟಾಪ್‌ನಲ್ಲೇ ಮಾಡಿ ನೋಡಬಹುದು. ಒಂದು ಸಾಲಿನಲ್ಲಿ ಎರಡು ಸಾವಿರ ಬಿಂದುಗಳನ್ನಿಡಿ. ಪ್ರತಿ ಬಿಂದುವಿನಲ್ಲೂ ಒಂದು ಸಂಖ್ಯೆ: ಆ ಜಾಗದಲ್ಲಿ ಅಲೆಯ ಎತ್ತರ ಎಷ್ಟು ಎಂಬುದು. ಸಾಲಿನ ನಡುವೆ ಒಂದು ದಿಬ್ಬ. ಕಪ್ಪುಕುಳಿಯ ಸುತ್ತ ಬಾಗಿ ಬಳುಕಿದ ದೇಶಕಾಲದ ಗಣಿತವನ್ನೆಲ್ಲ ಸೋಸಿದರೆ ಕೊನೆಗೆ ಉಳಿಯುವುದು ಆ ಒಂದು ದಿಬ್ಬವೇ! 1957ರಲ್ಲಿ ಟುಲಿಯೊ ರೆಜೆ ಮತ್ತು ಜಾನ್ ವೀಲರ್ ಇಬ್ಬರೂ ಅದರ ಸಮೀಕರಣವನ್ನು ಬರೆದಿಟ್ಟರು. ಈಗ ಕಾಲವನ್ನು ಒಂದು ಹೆಜ್ಜೆ ಮುಂದಿಡಬೇಕು. ಪ್ರತಿ ಬಿಂದುವೂ ಎಡಗಡೆಯ ಸಂಖ್ಯೆ ನೋಡುತ್ತದೆ, ಬಲಗಡೆಯದ್ದನ್ನು ನೋಡುತ್ತದೆ, ತಾನು ಹಿಂದಿನ ಗಳಿಗೆಯಲ್ಲಿ ಎಷ್ಟಿದ್ದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುತ್ತದೆ, ದಿಬ್ಬದ ಮೇಲೆ ನಿಂತಿದ್ದರೆ ಅದನ್ನೂ ಸೇರಿಸಿಕೊಳ್ಳುತ್ತದೆ. ಮುಂದಿನ ಗಳಿಗೆಯ ಸಂಖ್ಯೆ ಸಿದ್ಧ. ಪೈಥಾನ್‌ನಲ್ಲಿ ಬರೆದರೆ ಒಂದು ಪುಟ ತುಂಬುವುದಿಲ್ಲ. ಓಡಿಸಿದರೆ ಅಲೆ ಬಲದಿಂದ ಬಂದು ದಿಬ್ಬಕ್ಕೆ ಬಡಿದು, ಒಂದಷ್ಟು ಒಳಗಿಳಿದು, ಉಳಿದದ್ದು ಹಿಂತಿರುಗುತ್ತದೆ. ಹಿಂದೆಯೇ ಆ ಮಿಡಿತ!

ಆದರೆ ಕಾಲದ ಹೆಜ್ಜೆಯನ್ನು ತುಸು ದೊಡ್ಡದಿಟ್ಟುಬಿಡಿ. ಸಂಖ್ಯೆಗಳು ಹುಚ್ಚೆದ್ದು ಕುಣಿಯತೊಡಗುತ್ತವೆ. ಲಕ್ಷ, ಕೋಟಿ, ಕೋಟಿ ಕೋಟಿ. ಕೊನೆಗೆ 'ಇದು ಸಂಖ್ಯೆಯೇ ಅಲ್ಲ' ಎಂದು ಕಂಪ್ಯೂಟರು ಕೈಚೆಲ್ಲುತ್ತದೆ. ಹೀಗೇಕೆ ಆಗುತ್ತದೆಂಬುದನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು 1928ರಲ್ಲೇ ಬರೆದಿಟ್ಟಿದ್ದರು. ಈಗಿನ ಅರ್ಥದ ಕಂಪ್ಯೂಟರೇ ಇಲ್ಲದ ವರ್ಷ ಅದು! ಒಂದು ಬಿಂದುವಿನಿಂದ ಪಕ್ಕದ ಬಿಂದುವಿಗೆ ಹೋಗಲು ಅಲೆಗೆ ಎಷ್ಟು ಹೊತ್ತು ಬೇಕೋ, ಕಾಲದ ಹೆಜ್ಜೆ ಅದಕ್ಕಿಂತ ದೊಡ್ಡದಿರಕೂಡದು. ಇಷ್ಟೇ ನಿಯಮ. ಕಪ್ಪುಕುಳಿಗೂ ಇದೇ, ರಕ್ತನಾಳದ ಒಳಗೆ ಹರಿಯುವ ರಕ್ತಕ್ಕೂ ಇದೇ, ಅರಬ್ಬಿ ಸಮುದ್ರದಿಂದ ನುಗ್ಗುವ ಮುಂಗಾರು ಗಾಳಿಗೂ ಇದೇ. ಪಾಲಿಸಬೇಕು, ಇಲ್ಲವೇ ದಾಟುವ ಉಪಾಯ ಹುಡುಕಬೇಕು. ಹವಾಮಾನ ಮಾದರಿ ಕಟ್ಟುವವರು ದಶಕಗಟ್ಟಲೆ ಆ ಉಪಾಯಗಳನ್ನೇ ಹುಡುಕುತ್ತ ಬಂದಿದ್ದಾರೆ. ಒಂದು ಶಾಸ್ತ್ರದಲ್ಲಿ ಕಲಿತ ಈ ವಿದ್ಯೆ ಹತ್ತು ಶಾಸ್ತ್ರಗಳ ಬಾಗಿಲು ತೆರೆಯುತ್ತದೆ. ಇಷ್ಟು ದೊಡ್ಡ ಸಂಗತಿಯನ್ನು ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಯಾಕೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲವೋ!

ಬೆಂಗಳೂರಿನ ಹೊರಗೆ ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ ಐಸಿಟಿಎಸ್ ಇದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರ. ಅಲ್ಲಿ ಗುರುತ್ವದ ಅಲೆಗಳ ಲೆಕ್ಕ ಹಾಕುವವರೂ ಮುಂಗಾರಿನ ಲೆಕ್ಕ ಹಾಕುವವರೂ ಒಂದೇ ಆವರಣದಲ್ಲಿ ಕೆಲಸ ಮಾಡುತ್ತಾರೆ. ಇದಕ್ಕಿಂತ ಸಹಜವಾದ ನೆರೆಹೊರೆ ಇನ್ನೊಂದಿದೆಯೇ?

ಮುಂಗಾರಿನ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಹವಾಮಾನದ ಗಣಕ ಮಾದರಿ ಭೂಮಿಯನ್ನು ಚೌಕಗಳಾಗಿ ಕತ್ತರಿಸುತ್ತದೆ. ಒಂದು ಚೌಕಕ್ಕೆ ಒಂದೇ ಎತ್ತರ, ಒಂದೇ ಉಷ್ಣತೆ, ಒಂದೇ ಮಳೆ. ಚೌಕದ ಅಗಲ 100 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಮಲ್ಪೆಯ ಕಡಲಿನಿಂದ ಆಗುಂಬೆಯ ನೆತ್ತಿಗೆ ನೇರ ಗೆರೆ ಎಳೆದರೆ ಅದರ ಅರ್ಧವೂ ಆಗುವುದಿಲ್ಲ. ಅಂದರೆ ಕಡಲು, ಕರಾವಳಿಯ ತೆಂಗಿನ ತೋಟ, ಘಟ್ಟದ ಗೋಡೆ, ಆಗುಂಬೆಯ ಕಾಡು, ತೀರ್ಥಹಳ್ಳಿಯ ಅಡಿಕೆ, ಎಲ್ಲ ಸೇರಿ ಒಂದೇ ಅಂಕಿ! ಸಹ್ಯಾದ್ರಿಯೇ ಆ ಮಾದರಿಯಲ್ಲಿ ಸವೆದು ತಗ್ಗು ದಿಣ್ಣೆಯಾಗಿಬಿಡುತ್ತದೆ. ಮೋಡವನ್ನು ಎತ್ತಿ ಮಳೆ ಸುರಿಸಬೇಕಾದ ಗೋಡೆಯೇ ಇಲ್ಲದ ಮೇಲೆ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಮಳೆ ಎಲ್ಲಿಂದ ಬರಬೇಕು? ಎರಡೇ ಚೌಕದಾಚೆ ಐನೂರು ಮಿಲಿಮೀಟರಿಗೂ ಕಾಯುವ ಚಳ್ಳಕೆರೆ ಯಾಕೆ ಒಣಗಿದೆ ಎಂದು ಆ ಮಾದರಿ ಹೇಗೆ ಹೇಳಬೇಕು?

ಚೌಕ ಚಿಕ್ಕದು ಮಾಡಿದರಾಯಿತಲ್ಲ ಎನ್ನುತ್ತೀರಿ. ಅಗಲವನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟು; 1928ರ ನಿಯಮ ಬಿಡದು, ಕಾಲದ ಹೆಜ್ಜೆಯೂ ಅರ್ಧ; ಒಟ್ಟು ಕೆಲಸ ಎಂಟು ಪಟ್ಟು. 1950ರಲ್ಲಿ ಎನಿಯಾಕ್ ಎಂಬ ಕಂಪ್ಯೂಟರಿನ ಮೇಲೆ ಜೂಲ್ ಚಾರ್ನಿ ತಂಡ ಮೊದಲ ಬಾರಿಗೆ ಹವಾಮಾನ ಲೆಕ್ಕ ಹಾಕಿದಾಗ ಚೌಕದ ಅಗಲ 700 ಕಿಲೋಮೀಟರಿಗೂ ಮೇಲಿತ್ತು, 24 ಗಂಟೆಯ ಮುನ್ಸೂಚನೆಗೆ ಹೆಚ್ಚು ಕಡಿಮೆ 24 ಗಂಟೆಯೇ ಹಿಡಿಯಿತು. 2025ರ ಮೇ ತಿಂಗಳಲ್ಲಿ ನಮ್ಮ ದೇಶ ಚಾಲನೆಗೆ ತಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿಲೋಮೀಟರ್. ಅದನ್ನು ಕಟ್ಟಿದ್ದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ. ಅದಕ್ಕೂ ಹಿಂದೆ 12 ಇತ್ತು. ಆರು ಕಿಲೋಮೀಟರಿನಲ್ಲಿ ಘಟ್ಟ ಘಟ್ಟವಾಗಿ ನಿಲ್ಲುತ್ತದೆ!

ಆದರೂ ಮೋಡದ ಹನಿ ಅದಕ್ಕೆ ಕಾಣುವುದಿಲ್ಲ. ಇಲ್ಲಿರುವ ಒಗಟು ಕೇಳಿ. ಮೋಡದೊಳಗಿನ ಹನಿಯ ತ್ರಿಜ್ಯ ಸುಮಾರು ಹತ್ತು ಮೈಕ್ರಾನ್. ಮಳೆ ಹನಿಯದ್ದು ಸುಮಾರು ಒಂದು ಮಿಲಿಮೀಟರ್. ನೂರು ಪಟ್ಟು ತ್ರಿಜ್ಯ ಅಂದರೆ ಹತ್ತು ಲಕ್ಷ ಪಟ್ಟು ಗಾತ್ರ. ಹತ್ತು ಲಕ್ಷ ಮೋಡದ ಹನಿಗಳು ಕೂಡಿ ಒಂದು ಮಳೆ ಹನಿ! ಬರೀ ಆವಿ ಹೀರಿಕೊಂಡು ಅಷ್ಟು ಬೆಳೆಯಬೇಕೆಂದರೆ ಗಂಟೆಗಳೇ ಬೇಕು. ಆದರೆ ಮೋಡ ಕಟ್ಟಿದ ಅರ್ಧ ಗಂಟೆಯಲ್ಲಿ ಮಳೆ ಸುರಿದದ್ದನ್ನು ಮಲೆನಾಡಿನವರು ಎಷ್ಟು ಸಲ ಕಂಡಿಲ್ಲ! ಮೋಡದೊಳಗಿನ ಗಾಳಿಯ ಸುಳಿಗಳು ಹನಿಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುತ್ತಿರಬೇಕು ಎಂಬುದು ಒಂದು ಬಲವಾದ ಊಹೆ. ಐಸಿಟಿಎಸ್‌ನ ರಮಾ ಗೋವಿಂದರಾಜನ್ ಅವರಂಥವರು ಸುಳಿಯ ಸುತ್ತ ಹನಿಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಸಮೀಕರಣ ಮತ್ತು ಕಂಪ್ಯೂಟರು ಎರಡನ್ನೂ ಹಿಡಿದು ಹುಡುಕುತ್ತಿದ್ದಾರೆ. ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಸಿಕ್ಕದೆ ಉಳಿದಿದೆ ಎಂಬುದೇ ಪಿಎಚ್‌ಡಿ ಮಾಡಹೊರಟವರಿಗೆ ಶುಭ ಸಮಾಚಾರ.

ಹೊಲದ ಕಡೆಗೂ ಈ ವಿದ್ಯೆ ನಡೆದುಹೋಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂಗಾರಿನ ಅಧ್ಯಯನ ಕಟ್ಟಿದ ಸುಲೋಚನಾ ಗಾಡ್ಗೀಳ್ ಪಾವಗಡದ ಶೇಂಗಾ ರೈತರ ಜೊತೆ ಮಾತಾಡಿ, ಮಳೆಯ ಹಳೆಯ ದಾಖಲೆಗಳನ್ನು ಶೇಂಗಾ ಬೆಳೆಯ ಗಣಕ ಮಾದರಿಗೆ ಊಡಿಸಿ, ಬಿತ್ತನೆಗೆ ಯಾವ ವಾರ ಮೇಲು ಎಂಬುದನ್ನು ತಮ್ಮ ತಂಡದೊಂದಿಗೆ ಶೋಧಿಸಿದರು. ಹಾರ್ವರ್ಡ್‌ನಲ್ಲಿ ಅನ್ವಯಿಕ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು ಪಾವಗಡದ ಹೊಲದ ಬದುವಿನಲ್ಲಿ! ನನಗಂತೂ ಇದು ಕಪ್ಪುಕುಳಿಗಿಂತ ಒಂದು ಗುಲಗಂಜಿಯೂ ಕಡಿಮೆಯ ಸಾಧನೆಯಲ್ಲ.

ಇನ್ನು ಅತಿ ಸಣ್ಣದರ ಲೋಕ. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ 1964ರಲ್ಲಿ ಅಮೆರಿಕದ ಆರ್ಗೊನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ದ್ರವರೂಪದ ಆರ್ಗಾನ್ ಧಾತುವಿನ 864 ಪರಮಾಣುಗಳನ್ನು ಕಂಪ್ಯೂಟರಿನಲ್ಲಿ ಓಡಾಡಿಸಿದರು. ಪ್ರತಿ ಪರಮಾಣುವನ್ನೂ ಅಕ್ಕಪಕ್ಕದವು ಎಷ್ಟು ಎಳೆಯುತ್ತವೆ, ಎಷ್ಟು ತಳ್ಳುತ್ತವೆ ಎಂದು ಲೆಕ್ಕ ಹಾಕು, ಒಂದು ಹೆಜ್ಜೆ ಸರಿಸು, ಮತ್ತೆ ಲೆಕ್ಕ ಹಾಕು. ಇವತ್ತು ಔಷಧದ ಅಣು ಪ್ರೋಟೀನಿಗೆ ಹೇಗೆ ಕೂರುತ್ತದೆ ಎಂದು ನೋಡುವವರೂ ಬ್ಯಾಟರಿಯಲ್ಲಿ ಅಯಾನು ಹೇಗೆ ಹರಿಯುತ್ತದೆ ಎಂದು ನೋಡುವವರೂ ಮೂಲತಃ ಮಾಡುವುದು ಇದನ್ನೇ. ಇಲ್ಲೂ ಹೆಜ್ಜೆಯ ನಿಯಮ ಬಿಟ್ಟಿದ್ದಲ್ಲ: ಅಣುವಿನ ಬಂಧ ಒಮ್ಮೆ ನಡುಗುವ ಹೊತ್ತಿಗಿಂತ ಹೆಜ್ಜೆ ಚಿಕ್ಕದಿರಬೇಕು. ಹಾಗಾಗಿ ಒಂದು ಹೆಜ್ಜೆಗೆ ಎರಡು ಫೆಮ್ಟೋಸೆಕೆಂಡ್. ಒಂದು ಪ್ರೋಟೀನು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಏನು ಮಾಡುತ್ತದೆ ಎಂದು ನೋಡಲು 50 ಕೋಟಿ ಹೆಜ್ಜೆ! 2022ರಲ್ಲಿ ವಿಜ್ಞಾನ ಸಂಸ್ಥೆಗೆ ಬಂದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರು ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು. ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳು ಅದರ ಮೇಲೆ ಕೆಲಸ ಹಾಕುತ್ತಾರೆ.

ನರಕೋಶಕ್ಕೆ ಬನ್ನಿ. 1952ರಲ್ಲಿ ಪ್ರಕಟವಾದ ನರದ ಸಂಕೇತದ ಸಮೀಕರಣವನ್ನು ಹಾಜ್‌ಕಿನ್ ಮತ್ತು ಹಕ್ಸ್‌ಲಿ ಬಿಡಿಸಹೊರಟಾಗ ಕೇಂಬ್ರಿಜ್‌ನ ಕಂಪ್ಯೂಟರು ಕೈಗೆ ಸಿಗಲಿಲ್ಲ. ಹಕ್ಸ್‌ಲಿ ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ಒಂದೊಂದು ಹೆಜ್ಜೆಯನ್ನೂ ಕೈಯಾರೆ ಹಾಕಿದರು. ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಮುಗಿದುಹೋಗುವ ಮಿಡಿತಕ್ಕೆ ವಾರಗಟ್ಟಲೆ ದುಡಿಮೆ! ನರವಿಜ್ಞಾನಿ ಉಪಿಂದರ್ ಭಲ್ಲಾ ಕ್ಯಾಲ್‌ಟೆಕ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗಲೇ 'ಜೆನೆಸಿಸ್' ಎಂಬ ನರಜಾಲದ ಸಿಮ್ಯುಲೇಟರ್ ಕಟ್ಟಿದ ತಂಡದಲ್ಲಿದ್ದರು. ಆಮೇಲೆ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) 'ಮೂಸ್' ಎಂಬುದನ್ನು ಬೆಳೆಸಿದರು. ವಿದ್ಯಾರ್ಥಿ ಬರೆದ ಪ್ರೋಗ್ರಾಮು ಲೋಕಕ್ಕೆಲ್ಲ ಉಪಕರಣವಾಗುವುದು ಈ ಕ್ಷೇತ್ರದಲ್ಲಿ ಅಪರೂಪವೇನಲ್ಲ.

2020ರಲ್ಲಂತೂ ವಿಜ್ಞಾನ ಸಂಸ್ಥೆ ಮತ್ತು ಟಾಟಾ ಸಂಸ್ಥೆಯವರು ಬೆಂಗಳೂರನ್ನೇ ಕಂಪ್ಯೂಟರಿನೊಳಗೆ ಕಟ್ಟಿಬಿಟ್ಟರು! ಒಂದು ಕೋಟಿಗೂ ಮಿಕ್ಕಿದ ಕಾಲ್ಪನಿಕ ಜನ, ಅವರಿಗೆ ಮನೆ, ಶಾಲೆ, ಕಚೇರಿ, ವಾರ್ಡು. ಕೊರೋನಾ ಯಾರಿಂದ ಯಾರಿಗೆ ದಾಟುತ್ತದೆ, ಶಾಲೆ ಮುಚ್ಚಿದರೇನು, ಲಾಕ್‌ಡೌನ್ ಸಡಿಲಿಸಿದರೇನು ಎಂದು ಓಡಿಸಿ ನೋಡಿದರು. ಇಂಥ ಮಾದರಿಗಳ ಹಿರೀಕ, ಕೆರ್ಮಾಕ್ ಮತ್ತು ಮೆಕೆಂಡ್ರಿಕ್ ಅವರ 1927ರ ಸಮೀಕರಣ, ತನ್ನನ್ನು ಒರೆಗೆ ಹಚ್ಚಿಕೊಂಡದ್ದು 1905–06ರ ಮುಂಬಯಿ ಪ್ಲೇಗಿನ ಸಾವಿನ ಅಂಕಿಗಳ ಮೇಲೆ. ಮೆಕೆಂಡ್ರಿಕ್ ಭಾರತದಲ್ಲೇ ವೈದ್ಯಾಧಿಕಾರಿಯಾಗಿದ್ದವರು.

ಈಗ ದುಡ್ಡಿನ ಮಾತು. ಇದನ್ನು ಬಿಡಿಸಿ ಹೇಳಲೇಬೇಕು. ಪಿಎಚ್‌ಡಿ ಎಂದರೆ ಇನ್ನೂ ಐದು ವರ್ಷ ಅಪ್ಪ ಅಮ್ಮನ ಮೇಲೆ ಭಾರ ಎಂದು ತಿಳಿದು ಎಷ್ಟು ಜಾಣ ಮಕ್ಕಳು ಹಿಂದೆ ಸರಿಯುತ್ತಾರೆ! ಫೆಲೋಶಿಪ್ ಇರುವ ಪಿಎಚ್‌ಡಿಯಲ್ಲಿ ನಡೆಯುವುದು ಅದಕ್ಕೆ ತದ್ವಿರುದ್ಧ: ದೇಶವೇ ನಿಮಗೆ ತಿಂಗಳು ತಿಂಗಳು ಹಣ ಕೊಟ್ಟು, ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯ ಮುಂದೆ ಕೂರಿಸುತ್ತದೆ. 2023ರ ಜನವರಿಯಿಂದ ಜಾರಿಯಾದ ದರದಂತೆ ಕಿರಿಯ ಸಂಶೋಧನಾ ಫೆಲೋಗೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಕಳೆದು ಮೌಲ್ಯಮಾಪನ ದಾಟಿದರೆ 42,000. ಹಾಸ್ಟೆಲ್ ಸಿಗದವರಿಗೆ ನಿಯಮದಂತೆ ಮನೆ ಬಾಡಿಗೆ ಭತ್ಯೆ ಬೇರೆ. 2018ರಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್‌ನಲ್ಲಿ ಆಯ್ಕೆ ಬಿಗಿ, ಮೊತ್ತ ದೊಡ್ಡದು: ಘೋಷಣೆಯಾದಾಗಿನ ದರದಂತೆ ಮೊದಲೆರಡು ವರ್ಷ ತಿಂಗಳಿಗೆ 70,000, ಮೂರನೆಯ ವರ್ಷ 75,000, ಆಮೇಲಿನ ಎರಡು ವರ್ಷ 80,000, ಜೊತೆಗೆ ಸಂಶೋಧನೆಯ ಖರ್ಚಿಗೆಂದು ವರ್ಷಕ್ಕೆ 2 ಲಕ್ಷ. ರಾಯಚೂರಿನ ಅಥವಾ ಚಾಮರಾಜನಗರದ ಮನೆಯೊಂದರಲ್ಲಿ ಈ ಅಂಕಿಗಳನ್ನು ಯಾರಾದರೂ ಜೋರಾಗಿ ಓದಿ ಹೇಳಲಿ ಎಂಬುದು ನನ್ನ ಆಸೆ.

ಬಾಗಿಲುಗಳು ಎಲ್ಲಿವೆ? ಬೆಂಗಳೂರು ಒಂದರಲ್ಲೇ ಎಣಿಸಿ. ವಿಜ್ಞಾನ ಸಂಸ್ಥೆಯಲ್ಲಿ ಗಣಕ ಮತ್ತು ದತ್ತಾಂಶ ವಿಜ್ಞಾನಕ್ಕೆಂದೇ ಒಂದು ವಿಭಾಗ, ಹವೆ ಮತ್ತು ಸಾಗರ ವಿಜ್ಞಾನದ ಕೇಂದ್ರ, ಜಿ.ಎನ್. ರಾಮಚಂದ್ರನ್ ಕಟ್ಟಿದ ಅಣುಜೀವಭೌತ ವಿಭಾಗ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಹೊಸ ವಸ್ತುಗಳನ್ನು ಕುಲುಮೆಗೆ ಮೊದಲು ಕಂಪ್ಯೂಟರಿನಲ್ಲೇ ಪರೀಕ್ಷಿಸುವ ಸೈದ್ಧಾಂತಿಕ ವಿಜ್ಞಾನದವರು. ಗಣಿತ ಮಾದರಿಗೆಂದೇ 1988ರಲ್ಲಿ ಹುಟ್ಟಿ ಈಗ ಫೋರ್ತ್ ಪ್ಯಾರಡೈಮ್ ಎಂಬ ಹೆಸರಿನಲ್ಲಿರುವ ಸಿಎಸ್‌ಐಆರ್ ಸಂಸ್ಥೆ. ಐಸಿಟಿಎಸ್, ಎನ್‌ಸಿಬಿಎಸ್ ಹೇಗೂ ಹೇಳಿಯಾಯಿತು. ದೇಶದಾಚೆ ಹೋಗುವ ಆಸೆಯಿದ್ದರೆ, ಯುರೋಪಿನ ಮಾರಿ ಕ್ಯೂರಿ ಡಾಕ್ಟರಲ್ ಜಾಲಗಳಿಗೆ ಯಾವ ದೇಶದವರೂ ಅರ್ಜಿ ಹಾಕಬಹುದು. ಹೋಗಬೇಕೆಂದಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು ಎಂಬ ಷರತ್ತು ಅವರದ್ದು. ನಮ್ಮ ಊರಿನ ಮಕ್ಕಳಿಗೆ ಅದು ಅಡ್ಡಿಯೇ ಅಲ್ಲ.

ಒಳಗೆ ಹೋಗಲು ಕಂಪ್ಯೂಟರ್ ಸೈನ್ಸ್ ಓದಿರಬೇಕೆಂದಿಲ್ಲ. ಭೌತವಿಜ್ಞಾನ, ಗಣಿತ, ರಸಾಯನ ಓದಿದವರು, ಸಿವಿಲ್, ಮೆಕ್ಯಾನಿಕಲ್ ಎಂಜಿನಿಯರುಗಳು, ಎಲ್ಲರಿಗೂ ಇಲ್ಲಿ ಜಾಗವಿದೆ. ವಿಜ್ಞಾನ ಸಂಸ್ಥೆಗೆ ಬಿ.ಇ. ಮುಗಿಸಿದವರು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಗೇಟ್, ನೆಟ್ ಜೆಆರ್‌ಎಫ್, ಜೆಸ್ಟ್, ಟಾಟಾ ಸಂಸ್ಥೆಯ ಜಿಎಸ್ ಪರೀಕ್ಷೆ, ಇವುಗಳಲ್ಲಿ ಆಯಾ ಸಂಸ್ಥೆ ಒಪ್ಪುವ ಒಂದನ್ನು ದಾಟಬೇಕು, ಆಮೇಲೆ ಸಂದರ್ಶನ. ಕೈಯಲ್ಲಿ ಇರಲೇಬೇಕಾದ್ದು ಡಿಫರೆನ್ಷಿಯಲ್ ಸಮೀಕರಣ, ಲೀನಿಯರ್ ಆಲ್‌ಜೀಬ್ರಾ, ಪೈಥಾನ್ ಅಥವಾ ಸಿ. ಮೇಲೆ ಹೇಳಿದ ಎರಡು ಸಾವಿರ ಬಿಂದುಗಳ ಅಲೆಯನ್ನು ಸ್ವಂತವಾಗಿ ಬರೆದು, ಅದು ಹುಚ್ಚೆದ್ದು ಸಿಡಿದಾಗ ಯಾಕೆ ಸಿಡಿಯಿತೆಂದು ತಾವೇ ಕಂಡುಕೊಂಡವರು ಸಂದರ್ಶನದ ಬೋರ್ಡಿನ ಮುಂದೆ ಹೆದರಬೇಕಾಗಿಲ್ಲ. ಮೊದಲು ರುಚಿ ನೋಡಬೇಕೆನ್ನುವವರಿಗೆ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಇದೆ, ಜಕ್ಕೂರಿನ ಬೇಸಿಗೆ ಫೆಲೋಶಿಪ್ ಇದೆ, ಐಸಿಟಿಎಸ್‌ನ ಎಸ್.ಎನ್. ಭಟ್ ಫೆಲೋಶಿಪ್ ಇದೆ. ಇವುಗಳಿಗೂ ಹಣ ಕೊಡುತ್ತಾರೆ.

ತಾರೀಖುಗಳನ್ನು ಮಾತ್ರ ಮರೆಯಬಾರದು, ಎಷ್ಟೋ ಅರ್ಹರು ಜಾರುವುದು ಅಲ್ಲೇ. ಗೇಟ್ ನೋಂದಣಿ ಸಾಮಾನ್ಯವಾಗಿ ಆಗಸ್ಟ್ ಕೊನೆಯ ಹೊತ್ತಿಗೆ ತೆರೆದು ಅಕ್ಟೋಬರಿನೊಳಗೆ ಮುಗಿಯುತ್ತದೆ. ಬೇಸಿಗೆಯ ಫೆಲೋಶಿಪ್‌ಗಳಿಗೆ ಚಳಿಗಾಲದಲ್ಲೇ ಅರ್ಜಿ ಹೋಗಿರಬೇಕು. ವಿಜ್ಞಾನ ಸಂಸ್ಥೆಯ ಪ್ರಕಟಣೆ ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಬರುತ್ತದೆ, ಸೇರುವುದು ಆಗಸ್ಟಿನಲ್ಲಿ. ಶಿಫಾರಸು ಪತ್ರಕ್ಕೆ ಮೇಷ್ಟ್ರನ್ನು ದಸರಾ ರಜೆಗೆ ಮೊದಲೇ ಕೇಳಿಬಿಡಿ.